ಎಜಿಸು, ಎಜಿಸು, ಕೊನೊಂಗೊ

“ಎಡಗೈಲಿ ಹೊಯ್ದ್ರೆ ನೆಲ ಕುಡಿಯಲ್ಲ ಕಣಯ್ಯ ಬಾದು. ಬಾಟ್ಲಿ ಇತ್ತ ಕೊಡು,” ಎಂದರು ಅಜ್ಯೆಮನ್ ಮಾವ.

ಬಾದು ಕೊಡಲಿಲ್ಲ. ಸಾರಾಯಿ ಬಾಟಲಿಯನ್ನು ಎಡಗೈಯಲ್ಲಿ ಎದೆಗವಚಿಕೊಂಡು, ಸೂತಕದ ಕಪ್ಪು ಕೆಂಪು ಬಟ್ಟೆ ಸುತ್ತಿಕೊಂಡ ನೆಂಟರ ನಡುವೆ ನಿಂತಿದ್ದ. ತಂಗಿ ಡಾಕ್ಟರ್ ಅಫ್ರಿಯೆಯ ಶವದ ಪೆಟ್ಟಿಗೆ ಆಗಲೇ ವ್ಯಾನಿನೊಳಗಿತ್ತು. ಮಣ್ಣು ಮಾಡುವುದು ಹುಟ್ಟೂರು ಕೊನೊಂಗೊದಲ್ಲಿ. ಕುಮಾಸಿ ನಗರದ ಈ ಅಂಗಳ ಬಿಡುವ ಮುನ್ನ ಮನೆಯ ಹಿರಿಯನೊಬ್ಬ ಬಲಗೈಯಲ್ಲಿ ನೆಲಕ್ಕೆ ಸಾರಾಯಿ ಹೊಯ್ದು, ಹೊರಡು ಎಂದು ಅವಳಿಗೆ ಬಾಯಿಬಿಟ್ಟು ಹೇಳಬೇಕು. ಬಾದುವಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು.

ಅವನ ಹೆಂಡತಿ ಸೆರ್ವಾ ಬಿಡಲಿಲ್ಲ. “ಇವರ ದುಡಿಮೆಲೇ ಅವಳು ಓದಿದ್ದು ಮಾವ. ಅಣ್ಣನ ಬಾಯಿಂದ ಕೇಳದೆ ಹೊರಡ್ತಾಳಾ?”

“ಏನಂತ ಹೇಳ್ತಾನಮ್ಮ? ಮ್ಮ್ ಅಂತಾನಾ?”

ಹಿಂದೆ ಯಾರೋ ನಕ್ಕು, ಸೆರಗು ಬಾಯಿಗೆ ಒತ್ತಿಕೊಂಡರು.

*

ಬಾದು ವ್ಯಾನಿನ ಕಂಡಕ್ಟರಾಗಿದ್ದವನು. ಬಾಗಿಲಿಗೆ ಜೋತುಬಿದ್ದು, ದಾರಿಯ ಎಜಿಸು, ಕೊನೆಯ ಕೊನೊಂಗೊ ಎಂದು ಊರುಗಳ ಹೆಸರು ಕೂಗುವುದು, ಜನ ತುಂಬಿದರೆ ಹೊರಡು ಎಂದು ತಗಡಿಗೆ ಎರಡು ಏಟು ಹಾಕುವುದು ಅವನ ಕೆಲಸ. ಹಾಸ್ಟೆಲಿನಿಂದ ಊರಿಗೆ ಹೊರಟ ತಂಗಿಯನ್ನು ಕಿಟಕಿ ಪಕ್ಕ ಕೂರಿಸಿ, ಮಡಿಲಿಗೆ ಹುರಿದ ಬಾಳೆಹಣ್ಣಿನ ಪೊಟ್ಟಣ ಹಾಕುತ್ತಿದ್ದ. ಅವನ ಕೂಗು ಕೇಳುತ್ತ ಅವಳು ನಿದ್ದೆಹೋಗುತ್ತಿದ್ದಳು, ಅದೇ ಕೂಗಿಗೆ ಊರಲ್ಲಿ ಏಳುತ್ತಿದ್ದಳು.

ಮುಂದೆ ಅವಳು ಮಿದುಳಿನ ಸಂಶೋಧಕಿಯಾದಳು. ಲಕ್ವ ಹೊಡೆದವರ ಜಡ ಕೈ ಹಿಡಿದು, ಎಲ್ಲಿ ಉರಿಯುತ್ತದೆ ಎಂದು ಕೇಳುತ್ತಿದ್ದಳು. ಮುಟ್ಟಿದ್ದೇ ತಿಳಿಯದ ಕೈ ನೋಯುವುದು ಹೇಗೆ ಎಂದು ಜೊತೆಯ ಡಾಕ್ಟರುಗಳಿಗೆ ನಗು. ಕೈ ಮರೆತರೂ ಮಿದುಳು ಕೈಯನ್ನು ಮರೆಯುವುದಿಲ್ಲ ಎಂದು ಅವರನ್ನು ಒಪ್ಪಿಸುವಷ್ಟರಲ್ಲಿ ಅವಳ ತಲೆ ನರೆತಿತ್ತು.

ಆಗಲೇ ಅಣ್ಣನಿಗೆ ಲಕ್ವ ಹೊಡೆದದ್ದು. ತಂಗಿಯ ಹೆಸರೂ ನಾಲಿಗೆಯಲ್ಲಿ ಉಳಿಯಲಿಲ್ಲ. ಒಂದು ಬೆಳಗ್ಗೆ ವಾರ್ಡಿನಲ್ಲಿ ಅವಳು ಗಂಜಿ ತಿನ್ನಿಸುತ್ತಿದ್ದಾಗ, ಕಿಟಕಿಯಾಚೆ ಯಾವನೋ ವ್ಯಾನಿನ ತಗಡು ಬಡಿದ. ಹಾಸಿಗೆಯಿಂದ ಬಾದು ತನ್ನ ಹಳೆಯ ಕಂಠದಲ್ಲೇ ಕೂಗಿದ: “ಎಜಿಸು, ಎಜಿಸು, ಕೊನೊಂಗೊ!”

ಚಮಚ ಅಲ್ಲೇ ನಿಂತಿತು. “ಇನ್ನೊಂದ್ಸಲ ಕೂಗಣ್ಣ,” ಎಂದಳು ಅಫ್ರಿಯೆ. “ನಾನು ಹತ್ತಬೇಕು.”

ಮಾತು ಸತ್ತ ಮಿದುಳಿನಲ್ಲಿ ಕೂಗು, ಹಾಡು, ಪ್ರಾರ್ಥನೆ ಎಲ್ಲಿ ಉಳಿದಿರುತ್ತವೆ ಎಂದು ಹುಡುಕುವುದೇ ಅವಳ ಕೊನೆಯ ವರ್ಷಗಳ ಕೆಲಸವಾಯಿತು. ದಿನಾ ಬಂದು ಮೇಜು ಬಡಿಯುತ್ತಿದ್ದಳು, ಅವನು ಕೂಗುತ್ತಿದ್ದ. ಆ ಬಡಿತವಿಲ್ಲದೆ ಅವನಿಗೆ ಅದೂ ಬರುತ್ತಿರಲಿಲ್ಲ.

*

ಇಂದು ಬಡಿಯುವ ಕೈ ಪೆಟ್ಟಿಗೆಯೊಳಗಿತ್ತು.

ಬಾದು ಬಾಯಿ ತೆರೆದ. ಏನೂ ಬರಲಿಲ್ಲ. ಬಾಟಲಿಯನ್ನು ಮಾವನಿಗೆ ಕೊಟ್ಟುಬಿಟ್ಟ. ಸೆರ್ವಾ ತಲೆ ತಗ್ಗಿಸಿದಳು. ಮಾವ ಮುಚ್ಚಳ ತಿರುಗಿಸುತ್ತಿದ್ದಂತೆ ಬಾದು ಕಾಲೆಳೆಯುತ್ತ ವ್ಯಾನಿನ ಹತ್ತಿರ ಹೋದ. ಎಡಗೈ ಎತ್ತಿ ತಗಡಿಗೆ ಎರಡು ಏಟು ಹಾಕಿದ.

“ಎಜಿಸು, ಎಜಿಸು, ಕೊನೊಂಗೊ! ಕೊನೊಂಗೊ!”

ಡ್ರೈವರ್ ಎಂಜಿನ್ ಹಾಕಿದ.

“ಏಯ್, ತಡಿಯೋ. ಇನ್ನೂ ಹೊಯ್ದಿಲ್ಲ,” ಎಂದರು ಮಾವ.

“ಕಂಡಕ್ಟರ್ ತಟ್ಟಾಯ್ತಲ್ಲ ಯಜಮಾನ್ರೇ.”

ಮಾವ ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು, ಬಾದುವನ್ನು ನೋಡಿದರು. ಹತ್ತಿರ ಹೋಗಿ ಅವನ ಎಡಗೈಗೇ ಅದನ್ನಿಟ್ಟರು. ಬಾದು ಚಕ್ರದ ಪಕ್ಕ ಬಾಗಿ ಹೊಯ್ದ. ಕೆಮ್ಮಣ್ಣು ಗುಳ್ಳೆ ಎದ್ದು, ಅಷ್ಟನ್ನೂ ಕುಡಿಯಿತು.