ಬಲಗೈ ಕೆಳಗೆ

ಮುದ್ದೆ ಮುರಿದ ಸ್ವಾಮಿಯ ಬೆರಳಿಗೆ ಗಂಟು ಸಿಕ್ಕಿತು. ಇನ್ನೊಂದು ತುತ್ತು ಮುರಿದ, ಅಲ್ಲೂ ಗಂಟು. ಬೇಯದ ಹಿಟ್ಟಿನ ಆ ಚೂರನ್ನು ಬೆರಳ ತುದಿಯಲ್ಲಿ ಎತ್ತಿ ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಮದುವೆಯಾಗಿ ಬಂದಾಗಿನಿಂದ ಹೊಂಬಾಳಮ್ಮ ಉಪ್ಪು ಮರೆತದ್ದುಂಟು, ಸಿಟ್ಟು ಬಂದ ದಿನ ಸಾರಿಗೆ ಖಾರ ಹೆಚ್ಚಾಗಿ ಸುರಿದದ್ದೂ ಉಂಟು. ಮುದ್ದೆಯಲ್ಲಿ ಮಾತ್ರ ಗಂಟು ಬಿಟ್ಟವಳಲ್ಲ. ಯಲಿಯೂರಿನಂಥ ಊರಿನಲ್ಲಿ ಮುದ್ದೆ ಗಂಟಾಯಿತು ಎಂದರೆ ಅದನ್ನು ಬರೀ ಅಡುಗೆಯ ತಪ್ಪು ಎಂದು ಯಾರೂ ತಿಳಿಯುವುದಿಲ್ಲ; ಮನೆಯೊಳಗೆ ಏನೋ ನಡೆದಿದೆ ಎಂದೇ ತಿಳಿಯುತ್ತಾರೆ.

"ಏನಮ್ಮಿ ಇದು?" ಎಂದ.

"ಕೈ ಬದ್ಲಾಯ್ಸಿವ್ನಿ," ಎಂದಳು ಹೊಂಬಾಳಮ್ಮ, ಅವನ ತಟ್ಟೆಗೆ ಇನ್ನೊಂದು ಸೌಟು ಸೊಪ್ಪಿನ ಸಾರು ಬಿಡುತ್ತ. "ಕೋಲು ಇಡ್ಕಳಾಗ ಬಲಗೈಯ ಕೆಳೀಕೆ ತಂದಿವ್ನಿ. ವಸಿ ದಿನ ಸೈರ್ಸ್ಕಳಿ, ಸರಿ ಓಯ್ತದೆ."

ಮುದ್ದೆ ತಿರುವುವ ಕೋಲಿನ ಮೇಲೆ ಕೈ ಬದಲಾಯಿಸುವ ದರ್ದು ಅವಳಿಗೆ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ಗಾಲ್ಫ್ ಮೈದಾನದಲ್ಲಿ. ಊರಾಚೆ ರೈಲುಹಳಿಯ ಮಗ್ಗುಲಲ್ಲಿ ಗಾಲ್ಫ್ ಕ್ಲಬ್ಬೊಂದು ಎದ್ದಿತ್ತು. ಅದಕ್ಕೆ ಜಮೀನು ಕೊಟ್ಟವರಲ್ಲಿ ಸ್ವಾಮಿಯೂ ಒಬ್ಬ. ಉಳಿದವರು ದುಡ್ಡು ತೆಗೆದುಕೊಂಡು ಸುಮ್ಮನಾದರೆ ಸ್ವಾಮಿ ಮಾತ್ರ, ನಾವು ಸಾಯುವ ತನಕ ನಮ್ಮ ಮನೆಗೆ ಮೆಂಬರ್‌ಶಿಪ್ಪು ಬರೆದುಕೊಡಿ, ಇಲ್ಲದಿದ್ದರೆ ಸಹಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದ. ತಾನು ಉತ್ತು ಬಿತ್ತಿದ ನೆಲಕ್ಕೆ ಕಾಲಿಡಲು ವಾಚ್‌ಮನ್ನನ ಮುಖ ನೋಡಬಾರದು ಎಂಬುದಷ್ಟೇ ಅವನ ಹಟ. ಬರೆದೂ ಕೊಟ್ಟರು. ಕೆಲವು ದಿನ ಸ್ಟಿಕ್ಕು ಬೀಸಿ, ಚೆಂಡಿಗಿಂತ ಹೆಚ್ಚಾಗಿ ನೆಲವನ್ನೇ ಕುಟ್ಟಿ, ಭುಜ ಉಳುಕಿಸಿಕೊಂಡು ಕೊನೆಗೆ ವರಾಂಡದ ಒಂದು ಕುರ್ಚಿ ಹಿಡಿದು ಕೂತ. ಇಷ್ಟು ಹಟ ಮಾಡಿ ಪಡೆದದ್ದು ದಂಡವಾಯಿತಲ್ಲ ಎಂದು, ಅವನನ್ನು ಊಟಕ್ಕೆ ಕರೆಯಲು ಬಂದಿದ್ದ ಹೊಂಬಾಳಮ್ಮ ಒಂದು ದಿನ ಸ್ಟಿಕ್ಕು ಎತ್ತಿಕೊಂಡಳು. ಮೊದಲ ಏಟಿಗೇ ಚೆಂಡು ನೆಟ್ಟಗೆ ಹೋಗಿ ಗುಳಿಯಲ್ಲಿ ನೆಟ್ಟ ಬಾವುಟದ ದಿಕ್ಕಿನಲ್ಲಿ ಬಿತ್ತು.

ಅವಳು ಹಿಡಿದ ರೀತಿ ಮಾತ್ರ ಯಾರೂ ಹಿಡಿಯುವ ರೀತಿಯಲ್ಲ. ಎಲ್ಲರ ಎಡಗೈ ಮೇಲಿದ್ದು ಬಲಗೈ ಕೆಳಗಿದ್ದರೆ ಅವಳದು ತಿರುಗಾಮುರುಗಾ. ಅವಳ ತವರು ಮಳವಳ್ಳಿ ಕಡೆಯ, ಮಳೆಯನ್ನೇ ನಂಬಿದ ಬೆದ್ದಲು ಸೀಮೆ. ಅಲ್ಲಿ ಕಣದಲ್ಲಿ ಹುರುಳಿ ಬಡಿಯುವಾಗ ಹೆಂಗಸರು ಎದುರುಬದುರು ನಿಲ್ಲುತ್ತಾರೆ. ಅವಳ ಅಕ್ಕ ಬೆಳ್ಳಮ್ಮ ಒಂದು ಸಾಲಿನಲ್ಲಿ ನಿಂತರೆ ಇವಳು ಎದುರು ಸಾಲಿನಲ್ಲಿ. ಕೋಲಿಗೆ ಕೋಲು ತಗಲದಿರಲಿ ಎಂದು ಚಿಕ್ಕವಳಾದ ಇವಳಿಗೆ ಕೈ ತಿರುವಿ ಹಿಡಿಯಲು ಕಲಿಸಿದ್ದರು. ಕೈ ಹಾಗೇ ಬಲಿತುಬಿಟ್ಟಿತು. ಪೊರಕೆ, ಗುದ್ದಲಿ, ಮುದ್ದೆ ಕೋಲು, ಎಲ್ಲಕ್ಕೂ ಅದೇ ಹಿಡಿತ.

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಅಡ್ಡಾದಿಡ್ಡಿ ಹಿಡಿದು ಚೆಂಡು ಹೊಡೆಯುವ ಹೆಂಗಸು ಕ್ಲಬ್ಬಿನವರಿಗೆ ದೊಡ್ಡ ಸೋಜಿಗವಾದಳು. ಮ್ಯಾನೇಜರ್ ಸಂತೋಷ್ ಬೆಂಗಳೂರು, ಮೈಸೂರಿನಿಂದ ಬಂದವರನ್ನೆಲ್ಲ ಕರೆತಂದು ತೋರಿಸುತ್ತಿದ್ದ. 'ಹುರುಳಿ ಆಂಟಿ' ಎಂಬ ಹೆಸರೂ ಬಿತ್ತು. ಸ್ವಾಮಿಯ ಕಾಲಂತೂ ನೆಲದ ಮೇಲೆ ನಿಲ್ಲಲಿಲ್ಲ. ವರಾಂಡದಲ್ಲಿ ಅವನ ಕುರ್ಚಿಯ ಸುತ್ತ ಜನ ಸೇರುತ್ತಿದ್ದರು. ನಮ್ಮವಳು ಹುರುಳಿ ಬಡಿದ ಹಾಗೆ ಬಡಿಯುತ್ತಾಳೆ ನೋಡಿ ಎಂದು ಅವನು ಶುರು ಮಾಡಿದರೆ ಯಾರಾದರೊಬ್ಬರು ಕಾಫಿ ತರಿಸುತ್ತಿದ್ದರು. ಹೊಂಬಾಳಮ್ಮನಿಗೂ ಅದು ಹಿಡಿಸಿತ್ತು, ಸುಳ್ಳು ಯಾಕೆ ಹೇಳಬೇಕು. ಪೈಪೋಟಿಯ ದಿನ ಮೊದಲು ಅವಳಿಂದ ಒಂದು ಏಟು ಹೊಡೆಸಿ, ಚಪ್ಪಾಳೆ ತಟ್ಟಿ, ನೆರಳಲ್ಲಿ ಕೂರಿಸುತ್ತಿದ್ದರು. ಆಡುವವರು ಆಮೇಲೆ ಆಡುತ್ತಿದ್ದರು. ತನ್ನನ್ನೇಕೆ ಆಟಕ್ಕೆ ಸೇರಿಸುವುದಿಲ್ಲ ಎಂದು ಅವಳಿಗೆ ಬಹಳ ದಿನ ಹೊಳೆದಿರಲೇ ಇಲ್ಲ.

ಹೊಳೆಯುವಂತೆ ಮಾಡಿದ್ದು ಒಂದು ವಿಡಿಯೊ. ಯಾರೋ ತೆಗೆದು ಬಿಟ್ಟದ್ದು ಊರೂರು ಸುತ್ತಿ ಬೆಳ್ಳಮ್ಮನ ಫೋನಿಗೆ ಬಂದಿತ್ತು. ತಂಗಿ ಟೀವಿಯಲ್ಲಿ ಬಂದವರ ಹಾಗೆ ಫೋನಿನಲ್ಲಿ ಬಂದಿದ್ದಾಳೆಂದು ಅವಳು ಕೈಯ ಹಿಡಿತದಲ್ಲೇ ಗುರುತು ಹಿಡಿದು ಹೆಮ್ಮೆಯಿಂದ ಕಳಿಸಿದ್ದಳು. ಹೊಂಬಾಳಮ್ಮ ಹಸುವಿಗೆ ಹುಲ್ಲು ಹಾಕಿ ಬಂದು ಕಟ್ಟೆಯ ಮೇಲೆ ಕೂತು ನೋಡಿದಳು. ವಿಡಿಯೊ ತೆಗೆದ ದಿನದ ಏಟು ಅವಳಿಗೆ ಚೆನ್ನಾಗಿ ನೆನಪಿತ್ತು. ಚೆಂಡು ಬಾವುಟದ ಬುಡಕ್ಕೇ ಹೋಗಿ ನಿಂತಿತ್ತು. ವಿಡಿಯೊದಲ್ಲಿ ಚೆಂಡೇ ಇರಲಿಲ್ಲ, ಅವಳ ಮುಖವೂ ಇರಲಿಲ್ಲ. ಇದ್ದದ್ದು ಅವಳ ಕೈ, ಬಳೆ, ಮತ್ತೆ ಕೈ. ಹಿಂದೆ ನಿಂತಿದ್ದ ಇಬ್ಬರು ಗಂಡಸರು ಅವಳ ಹಾಗೇ ಕೈ ತಿರುವಿ ಹಿಡಿದು ತೋರಿಸಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಹೊಂಬಾಳಮ್ಮನಿಗೆ ಅಳು ಬರಲಿಲ್ಲ, ಅವಳು ಆ ಪೈಕಿಯಲ್ಲ. ಇಷ್ಟು ದಿನ ನಾನು ಆಡುತ್ತಿದ್ದೇನೆಂದುಕೊಂಡಿದ್ದೆ, ಇವರು ನನ್ನನ್ನು ಕುಣಿಸುತ್ತಿದ್ದರು ಎಂದು ಅನ್ನಿಸಿ ಮೈ ಉರಿಯಿತು.

ಭಾನುವಾರ ಸುನಿತಾ ಬರುವುದನ್ನೇ ಕಾದಳು. ಸುನಿತಾ ಶಿವನಸಮುದ್ರದ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರು, ಕ್ಲಬ್ಬಿನ ಹೆಂಗಸರ ತಂಡಕ್ಕೆ ಅವಳೇ ಮುಂದಾಳು. ಮಳವಳ್ಳಿಯ ಮಗಳೇ ಆದ್ದರಿಂದ ಹೊಂಬಾಳಮ್ಮನನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದಳು. ಎಲ್ಲರ ಹಾಗೆ ಹಿಡಿಯುವುದನ್ನು ಹೇಳಿಕೊಡು ಎಂದು ಹೊಂಬಾಳಮ್ಮ ಕೇಳಿದಾಗ ಅವಳಿಗೆ ಆಶ್ಚರ್ಯವಾಯಿತು.

"ನಿಮ್ಮ ಕೈಲಿ ತಪ್ಪೇನೂ ಇಲ್ಲ ಅಕ್ಕ. ಅಂಗೇ ಇಡ್ಕೊಂಡು ಗೆದ್ದೋರೂ ಅವ್ರೆ. ಈ ವಯಸ್ಸಲ್ಲಿ ಬದ್ಲಾಯ್ಸುದ್ರೆ ಇರೋ ಆಟಾನೂ ಓಗ್ಬೋದು."

"ತಪ್ಪು ಅಂತ ಅಲ್ಲ ಕಣಮ್ಮ," ಎಂದಳು ಹೊಂಬಾಳಮ್ಮ. "ನಾನು ಒಡೀವಾಗ ಎಲ್ರೂ ಕೈ ನೋಡ್ತಾರೆ. ಚೆಂಡ ಯಾರೂ ನೋಡಾಕಿಲ್ಲ."

ಸುನಿತಾ ಅವಳ ಎಡಗೈಯನ್ನು ಸ್ಟಿಕ್ಕಿನ ತುದಿಯಲ್ಲಿಟ್ಟು, ಬಲಗೈಯನ್ನು ಅದರ ಕೆಳಗೆ ತಂದು, ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳ ಮೇಲೆ ಕೂರಿಸಿದಳು. ಮುಂದಿನ ವಾರ್ಷಿಕೋತ್ಸವದ ಪೈಪೋಟಿಗೆ ನಿಮ್ಮ ಹೆಸರು ಸೇರಿಸುತ್ತೇನೆ, ಅಷ್ಟರೊಳಗೆ ಈ ಕೈ ನಿಮ್ಮದಾಗಬೇಕು ಎಂದಳು.

ಆ ಕೈ ಅಷ್ಟು ಸುಲಭವಾಗಿ ಅವಳದಾಗಲಿಲ್ಲ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಮೆಟ್ಟಿಕೊಂಡ ಹಾಗಿತ್ತು. ಚೆಂಡು ಒಮ್ಮೆ ಪಾದದ ಪಕ್ಕದಲ್ಲೇ ಉರುಳಿ ನಿಂತರೆ ಇನ್ನೊಮ್ಮೆ ಬೇಲಿ ಹಾರಿ ಪಕ್ಕದ ಕಬ್ಬಿನ ಗದ್ದೆಗೆ ಬೀಳುತ್ತಿತ್ತು. ಗದ್ದೆಯ ಕರಿಯಯ್ಯ ಸಂಜೆ ಹೊತ್ತು ಟವೆಲ್ಲಿನಲ್ಲಿ ಚೆಂಡು ಗಂಟು ಕಟ್ಟಿ ತಂದುಕೊಡುತ್ತ, ಕಬ್ಬಿಗೆ ಗೊಬ್ಬರ ಹಾಕುವುದು ಬಿಟ್ಟು ಇದೇನಮ್ಮಣ್ಣಿ ಮೊಟ್ಟೆ ಹಾಕುತ್ತಿದ್ದೀಯ ಎಂದು ರೇಗಿಸುತ್ತಿದ್ದ. ಮೊನ್ನೆ ಮೊನ್ನೆ ಆಟ ಶುರು ಮಾಡಿದ ಹುಡುಗಿಯರೂ ಅವಳನ್ನು ಹಿಂದೆ ಹಾಕಿದರು. ಮೈದಾನದಲ್ಲಿ ಸರಿ ಹಿಡಿದ ಕೈ ಮನೆಗೆ ಬಂದು ಪೊರಕೆ ಹಿಡಿದೊಡನೆ ಹಳೆಯ ಚಾಳಿಗೆ ಹೋಗುತ್ತಿದೆ ಎಂದು ಅವಳಿಗೆ ಬೇಗ ಗೊತ್ತಾಯಿತು. ಹೊರಗೊಂದು ಕೈ ಒಳಗೊಂದು ಕೈ ನಡೆಯುವುದಿಲ್ಲ ಎಂದು ಮನೆಯ ಕೋಲುಗಳನ್ನೆಲ್ಲ ಕೈ ಬದಲಾಯಿಸಿ ಹಿಡಿಯತೊಡಗಿದಳು. ಸ್ವಾಮಿಯ ಮುದ್ದೆಗೆ ಗಂಟು ಬಿದ್ದದ್ದು ಹೀಗೆ.

ಸ್ವಾಮಿಗೆ ಗಂಟಿಗಿಂತ ಹೆಚ್ಚಾಗಿ ನುಂಗಲಾಗದ್ದು ವರಾಂಡದ ಸ್ಥಿತಿ. ಅವನ ಕುರ್ಚಿಯ ಸುತ್ತ ಈಗ ಯಾರೂ ನಿಲ್ಲುತ್ತಿರಲಿಲ್ಲ. ಸಂತೋಷ್ ಎರಡು ಸಲ ಬಂದು, ಅಮ್ಮನಿಗೆ ಮೈ ಸರಿಯಿಲ್ಲವೇ ಎಂದು ವಿಚಾರಿಸಿದ.

"ನಾಕು ಜನ ಗುರ್ತಿಸ್ತಿದ್ರು," ಎಂದ ಸ್ವಾಮಿ ಒಂದು ದಿನ ತಡೆಯಲಾರದೆ. "ಅದ್ನ ಬುಟ್ಟು ಎಲ್ರಂಗೇ ಆಯ್ತೀನಿ ಅಂತೀಯಲ್ಲ, ಏನು ಬಂತಮ್ಮಿ ನಿಂಗೆ?"

ಹೊಂಬಾಳಮ್ಮ ಅವನಿಗೆ ವಿಡಿಯೊ ತೋರಿಸಲಿಲ್ಲ. ತೋರಿಸಿದರೆ ಅವನ ಮುಖ ಸಪ್ಪಗಾಗುವುದನ್ನು ತಾನೇ ನೋಡಬೇಕಲ್ಲ ಎನ್ನಿಸಿತು. ಕಲಿಯುತ್ತೇನೋ ಇಲ್ಲವೋ ಎಂಬ ಅನುಮಾನ ಮಾತ್ರ ಅವಳಿಗೆ ಒಂದು ದಿನವೂ ಬರಲಿಲ್ಲ. ಬೆದ್ದಲು ಸೀಮೆಯ ಹೆಣ್ಣಾಗಿ ನಾಲೆಯ ಊರಿಗೆ ಸೊಸೆಯಾಗಿ ಬಂದವಳು ಅವಳು. ಮೊದಲ ವರ್ಷ ಕೆಸರಿನಲ್ಲಿ ಜಾರಿ ಬಿದ್ದು ನಾಟಿಯವರಿಂದ ನಗಿಸಿಕೊಂಡು, ಎರಡನೆಯ ವರ್ಷಕ್ಕೆ ಅದೇ ನಾಟಿಯವರ ಮುಂದಿನ ಸಾಲು ಹಿಡಿದಿದ್ದಳು. ಪೈರು ನೆಡಲು ಕಲಿತ ಕೈಗೆ ಇದೇನು ಮಹಾ ಎಂದುಕೊಂಡಳು. ಮಳೆಗಾಲ ಮುಗಿಯುವ ಹೊತ್ತಿಗೆ ಮುದ್ದೆ ಬೆಣ್ಣೆಯಂತಾಯಿತು. ಆಮೇಲೆ ಚೆಂಡೂ ದಾರಿಗೆ ಬಂತು. ಮೊದಲಿಗಿಂತ ಎತ್ತರಕ್ಕೆ ಏರಿ, ಮೊದಲಿಗಿಂತ ದೂರ ಹೋಗಿ ಬೀಳುತ್ತಿತ್ತು. ಹತ್ತರಲ್ಲಿ ಮೂರು ಇನ್ನೂ ಕರಿಯಯ್ಯನ ಪಾಲಾಗುತ್ತಿದ್ದವು, ಅದೂ ನಿಜ.

ವಾರ್ಷಿಕೋತ್ಸವಕ್ಕೆ ಕರೆಯಲು ಸಂತೋಷ್ ಮನೆಗೇ ಬಂದ. ಬೆಂಗಳೂರಿನ ದೊಡ್ಡ ಅತಿಥಿಯೊಬ್ಬರು ವಿಡಿಯೊ ನೋಡಿ, ಆಯಮ್ಮನನ್ನು ನೋಡಲೇಬೇಕು ಎಂದು ಬರಲು ಒಪ್ಪಿಕೊಂಡಿದ್ದಾರಂತೆ. ಕ್ಲಬ್ಬಿನ ಹೆಂಗಸರೆಲ್ಲ ಅಂದು ಸೀರೆಯಲ್ಲೇ ಆಡಬೇಕೆಂದು ಗೊತ್ತು ಮಾಡಿದ್ದಾನಂತೆ. ಹಳ್ಳಿಯ ಸೊಗಡು ಇರಲಿ ಎಂದು. ಅಮ್ಮ ಹಳೆಯ ಹಾಗೆ ಒಂದು ಏಟು ಹೊಡೆದರೆ ಸಾಕು ಎಂದ. ಹೊಂಬಾಳಮ್ಮ ಉತ್ತರ ಕೊಡುವ ಮುಂಚೆ ಸ್ವಾಮಿ, ಅದಕ್ಕೇನಂತೆ, ಹೊಡೆಯುತ್ತಾಳೆ ಎಂದು ಮಾತು ಕೊಟ್ಟುಬಿಟ್ಟ. ತಾನು ಪೈಪೋಟಿಗೆ ಹೆಸರು ಕೊಟ್ಟಿರುವುದನ್ನು ಅವಳು ಹೇಳಿದಾಗ ಸಂತೋಷ್ ಎರಡೂ ಆಗಲಿ ಎಂದು ನಕ್ಕು ಕಾಫಿ ಕುಡಿದು ಹೋದ.

ಆ ದಿನ ಅತಿಥಿ ತಡವಾಗಿ ಬಂದರು. ಬಿಸಿಲೇರುತ್ತದೆಂದು ಪೈಪೋಟಿಯನ್ನು ಆಗಲೇ ಶುರು ಮಾಡಿದ್ದರು. ಸಂತೋಷ್ ಅವರನ್ನು ಸ್ವಾಮಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಹಾರ ತರಲು ಒಳಗೆ ಓಡಿದ. ವರಾಂಡದ ಮುಂದೆಯೇ ಮೊದಲ ಚೆಂಡು ಇಡುವ ಜಾಗ. ಸಂತೋಷ್ ಹೊರಗಿನಿಂದ ಕರೆಸಿದ್ದ ಕ್ಯಾಮೆರಾದ ಹುಡುಗ ಹುರುಳಿ ಆಂಟಿಯ ಸರದಿ ಬರಲಿ ಎಂದು ಕಂಬಕ್ಕೊರಗಿ ನಿಂತಿದ್ದ. ಸುನಿತಾ ಹೊಡೆದಳು, ಮತ್ತಿಬ್ಬರು ಹೊಡೆದರು, ಎಲ್ಲರೂ ಸೀರೆಯವರೇ. ಹೊಂಬಾಳಮ್ಮ ಮೆಟ್ಟಿಲಿಳಿಯುವಾಗ ಸ್ವಾಮಿ ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಇದೊಂದು ಸಲ ಅಳೇ ತರ ಒಡ್ದುಬುಡು. ಮಾತು ಕೊಟ್ಟಿವ್ನಿ. ಆಮೇಲೆ ನಿನ್ನಿಷ್ಟ."

ಅವಳು ಚೆಂಡು ಇಟ್ಟು ನಿಂತಳು. ಇಷ್ಟು ಜನರ ಮುಂದೆ ನಿಂತಿದ್ದೇ ತಡ, ಅವಳ ಬಲಗೈ ತಾನಾಗಿಯೇ ಮೇಲಕ್ಕೆ ಸರಿಯಿತು. ಹಳೆಯ ಹಿಡಿತದಲ್ಲಿ ತಪ್ಪುವ ಭಯವೇ ಇಲ್ಲ. ಹೊಡೆದರೆ ಚಪ್ಪಾಳೆ ಗ್ಯಾರಂಟಿ, ಗಂಡನ ಮಾತೂ ಉಳಿಯುತ್ತದೆ. ಹೊಸ ಹಿಡಿತದಲ್ಲಿ ತಪ್ಪಿ ಚೆಂಡು ಕಬ್ಬಿಗೆ ಬಿದ್ದರೆ ನಗು, ಹಳೆಯ ಹಾಗೆ ಕೈ ತಿರುವಿ ಹಿಡಿದರೂ ನಗು. ನಕ್ಕರೆ ನಗಲಿ, ಚೆಂಡು ನೋಡಿ ನಗಲಿ ಎನ್ನಿಸಿತು ಅವಳಿಗೆ. ಬಲಗೈಯನ್ನು ಕೆಳಗೆ ತಂದಳು. ಕಿರುಬೆರಳು ಅದರ ಜಾಗದಲ್ಲಿ ಕೂತಿತು.

ಏಟು ಬಿದ್ದ ಸದ್ದಿನಲ್ಲೇ ಅವಳಿಗೆ ಗೊತ್ತಾಯಿತು. ಚೆಂಡು ಎತ್ತರಕ್ಕೆ ಏರಿ, ತುಸು ಬಲಕ್ಕೆ ವಾಲಿ, ಹುಲ್ಲಿನ ನಡುವೆ ಬಿದ್ದು ಇನ್ನಷ್ಟು ದೂರ ಓಡಿತು. ಮೊದಲ ಮೂವರಿಗೆ ತಟ್ಟಿದಷ್ಟೇ ಚಪ್ಪಾಳೆ ತಟ್ಟಿದರು. ಕ್ಯಾಮೆರಾದ ಹುಡುಗ ಕಂಬ ಬಿಟ್ಟು ಅಲ್ಲಾಡಿರಲಿಲ್ಲ. ಸುನಿತಾ ಮಾತ್ರ ಅವಳ ತೋಳು ಮುಟ್ಟಿ, ನಡೀರಿ ಅಕ್ಕ ಎಂದಳು.

ಅಷ್ಟರಲ್ಲಿ ಅತಿಥಿ ಕುರ್ಚಿಯಿಂದೆದ್ದು ಮೆಟ್ಟಿಲ ತನಕ ಬಂದಿದ್ದರು. ಹತ್ತಿರದಲ್ಲಿದ್ದವಳು ಹೊಂಬಾಳಮ್ಮ, ಅವಳನ್ನೇ ಕೇಳಿದರು.

"ಅಮ್ಮಾ, ಹುರುಳಿ ಬಡಿಯೋ ಹಾಗೆ ಹೊಡೆಯೋರು ಒಬ್ಬರು ಇದ್ದಾರಂತಲ್ಲ, ಅವರು ಯಾವಾಗ ಆಡ್ತಾರೆ? ಅವರನ್ನ ನೋಡೋಕೇ ಬಂದೆ."

ಹೊಂಬಾಳಮ್ಮ ಸ್ಟಿಕ್ಕನ್ನು ಚೀಲಕ್ಕೆ ಇಳಿಬಿಟ್ಟು ಚೀಲವನ್ನು ಹೆಗಲಿಗೇರಿಸಿದಳು.

"ಅವ್ರು ಬಂದಿಲ್ಲ ಸಾರ್," ಎಂದು ಮುಂದೆ ನಡೆದಳು.

ಅತಿಥಿ ಹಿಂತಿರುಗಿ ಸ್ವಾಮಿಯನ್ನು ನೋಡಿದರು. ನೀವು ಈ ಊರಿನವರಲ್ಲವೇ, ನಿಮಗೆ ಗೊತ್ತಿರಬೇಕಲ್ಲ, ಆಕೆ ಬರುತ್ತಾರಾ ಎಂದು ಕೇಳಿದರು. ಸ್ವಾಮಿಯ ನಾಲಗೆಯ ತುದಿಯಲ್ಲಿ ಎಂದಿನ ಮಾತು ಸಿದ್ಧವಿತ್ತು. ಬಾಯಿ ತೆರೆದವನು, ಹೋಗುತ್ತಿದ್ದ ಹೆಂಡತಿಯ ಬೆನ್ನು ನೋಡಿದ. ಅವಳು ಹಿಂತಿರುಗಿ ನೋಡಲಿಲ್ಲ. ಅವನು ಏನು ಹೇಳುತ್ತಾನೆ ಎಂಬ ಕಾತರವೂ ಆ ನಡಿಗೆಯಲ್ಲಿ ಇರಲಿಲ್ಲ.

"ಇಲ್ಲ ಸಾರ್," ಎಂದ ಸ್ವಾಮಿ. "ಅವ್ರು ಇನ್ಮೇಲೆ ಬರಾಕಿಲ್ಲ."

ಅತಿಥಿ ನಿರಾಸೆಯಿಂದ ಕುರ್ಚಿಗೆ ಮರಳಿದರು. ಸೀರೆಯುಟ್ಟ ನಾಲ್ವರು ಹುಲ್ಲಿನ ಮೇಲೆ ದೂರ ದೂರ ಹೋಗಿ, ಒಬ್ಬೊಬ್ಬರೂ ತಮ್ಮ ತಮ್ಮ ಚೆಂಡಿನ ಕಡೆಗೆ ಬೇರೆಯಾದರು. ಬಿಸಿಲಿಗೆ ಯಾರು ಯಾರೆಂದು ವರಾಂಡದಿಂದ ತಿಳಿಯುತ್ತಿರಲಿಲ್ಲ. ಸ್ವಾಮಿ ಮೆಟ್ಟಿಲಿಳಿದು ಹುಲ್ಲಿನಂಚಿಗೆ ಬಂದ. ಹಣೆಗೆ ಕೈ ಅಡ್ಡ ಇಟ್ಟುಕೊಂಡು, ಅವಳ ಚೆಂಡು ಎಲ್ಲಿ ಹೋಗಿ ಬಿದ್ದಿದೆ ಎಂದು ಹುಡುಕತೊಡಗಿದ.