ಒಂದು ಖಾಲಿ ಗೂಟ, ಮೂವರು ಮೇಷ್ಟ್ರು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಬಾಗಿಲಿನಿಂದ ಶುರು ಮಾಡಿದರೆ ಒಳಗೆ ಯಾರಿದ್ದಾರೆಂದು ಓದುಗರಿಗೆ ತಿಳಿಯುವುದಿಲ್ಲ. ಒಳಗಿನವನಿಂದ ಶುರು ಮಾಡಿದರೆ ಅವನ ಮೇಲೆ ಅಕ್ಕರೆ ಹುಟ್ಟಿಬಿಡುತ್ತದೆ, ಆಮೇಲೆ ಕೊಲ್ಲುವುದು ಕಷ್ಟ. ಈ ಕಥೆ ಬರೆಯುತ್ತಿರುವಾತ ಬೆಳಗಿನಿಂದ ಪೆನ್ನಿನ ಕ್ಯಾಪು ಕಚ್ಚುತ್ತ ಕೂತಿರುವುದು ಇದೇ ತಲೆಬಿಸಿಯಲ್ಲಿ. (ಅವನನ್ನು ಕಥೆಗಾರ ಎಂದೇ ಕರೆಯೋಣ. 'ನಾನು' ಎಂದರೆ ಜವಾಬ್ದಾರಿ ಮೈಮೇಲೆ ಬರುತ್ತದೆ.)

ಸರಿ, ಗೂಟಗಳಿಂದ ಶುರುವಾಗಲಿ. ಅದೊಂದು ಹಣ್ಣಿನ ಕೋಲ್ಡ್ ಸ್ಟೋರೇಜ್. ಮುಂದೆ ಹಣ್ಣು ಆರಿಸಿ ಪ್ಯಾಕ್ ಮಾಡುವ ದೊಡ್ಡ ಹಾಲ್, ಹಿಂದೆ ದಪ್ಪ ಬಾಗಿಲಿನ ಕೋಲ್ಡ್ ರೂಮು. ಬಾಗಿಲ ಪಕ್ಕದ ಗೋಡೆಯಲ್ಲಿ ಸಾಲಾಗಿ ಗೂಟಗಳು, ಗೂಟಕ್ಕೊಂದು ದಪ್ಪ ಕೋಟು. ಒಳಗೆ ಹೋಗುವವರು ತಮ್ಮ ಕೋಟು ತೊಟ್ಟು ಹೋಗಬೇಕು, ಬಂದ ತಕ್ಷಣ ಬಿಚ್ಚಿ ಅದೇ ಗೂಟಕ್ಕೆ ಹಾಕಬೇಕು. ಗೂಟ ಖಾಲಿ ಎಂದರೆ ಒಳಗೆ ಆಳಿದ್ದಾನೆ ಎಂದರ್ಥ. ಈ ಪದ್ಧತಿ ತಂದವಳು ಅಲ್ಲಿಯ ಸೂಪರ್‌ವೈಸರ್. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಾರೆ, ಅವಳಿಗಿಂತ ದೊಡ್ಡವರೂ ಸಹ.

2

ಊಟ ಮುಗಿದ ಹೊತ್ತಿಗೆ ಕರೆಂಟು ಹೋಯಿತು. ಕೆಳಗಿಳಿದಿದ್ದ ಹೊರಬಾಗಿಲಿನ ಕರೆಂಟ್ ಶಟರು ಮೇಲೇಳದೆ ಅಲ್ಲೇ ನಿಂತಿತು. ಅದೇ ಹೊತ್ತಿಗೆ ಕೋಲ್ಡ್ ರೂಮಿನಲ್ಲಿ ಪೈಪು ಒಡೆದು, ತಂಪು ಮಾಡುವ ಅಮೋನಿಯಾ ಎಂಬ ವಿಷದ ಗ್ಯಾಸು ತೆರೆದ ಬಾಗಿಲಿನಿಂದ ಹಾಲಿಗೆ ನುಗ್ಗತೊಡಗಿತು. ಹಾಲಿನಲ್ಲಿ ಅಕ್ಕನಲ್ಲದೆ ಐದು ಜನ ಕೆಮ್ಮುತ್ತ ಶಟರನ್ನು ಕೈಯಿಂದ ಎತ್ತಲು ಒದ್ದಾಡುತ್ತಿದ್ದರು. (ಐದೇ ಏಕೆ? ಒಬ್ಬನನ್ನು ಉಳಿಸಬೇಕೋ ಹಲವರನ್ನೋ ಎಂದು ಕೇಳುವ ಇಂಥ ಪ್ರಶ್ನೆಗಳಲ್ಲಿ ಯಾವಾಗಲೂ ಐದು ಜನ. ಆರನೆಯವರು ರಜೆ ಹಾಕಿದ್ದಾರೆ ಎಂದಿಟ್ಟುಕೊಳ್ಳಿ.) ದಪ್ಪ ಬಾಗಿಲು ಮುಚ್ಚಿ ಚಿಲಕ ಹಾಕಿದರೆ ಐವರೂ ಉಳಿಯುತ್ತಾರೆ. ಆದರೆ ಒಂದು ಗೂಟ ಖಾಲಿ. (ಒಳಗಿನಿಂದ ಬಾಗಿಲು ತೆಗೆಯುವ ಹಿಡಿ ಕೆಟ್ಟಿತ್ತು. ಕೆಡಿಸಿದ್ದು ಕಥೆಗಾರ. ಕರೆಂಟು ತೆಗೆದದ್ದೂ ಅವನೇ.)

ಮೊದಲ ಪ್ರತಿಯಲ್ಲಿ ಆ ಗೂಟ ಹೊಸದಾಗಿ ಸೇರಿದ ಯಾರೋ ಒಬ್ಬನದಾಗಿತ್ತು. ಅಕ್ಕ ಅಯ್ಯೋ ಎನ್ನುತ್ತಲೇ ಬಾಗಿಲು ಮುಚ್ಚಿಬಿಟ್ಟಳು. ಓದಿ ನೋಡಿದ ಕಥೆಗಾರನಿಗೇ ಆಕಳಿಕೆ ಬಂತು.

2 (ಮತ್ತೆ)

ಗೂಟ ಈಗ ಅಕ್ಕನ ಒಡಹುಟ್ಟಿದ ತಮ್ಮನದು. ತಾಯಿ ತೀರಿಕೊಂಡ ಮೇಲೆ ಅವಳೇ ಸೊಂಟದ ಮೇಲೆ ಹೊತ್ತು ಸಾಕಿದವನು, ಅವಳೇ ಮಾಲೀಕರ ಹತ್ತಿರ ಹೇಳಿ ಇಲ್ಲಿ ಸೇರಿಸಿದವನು. ಅಕ್ಕನ ಕೈ ಬಾಗಿಲ ಮೇಲೆಯೇ ನಿಂತಿತು. ಅವಳು ಕಥೆಗಾರನತ್ತ ತಿರುಗಿದಳು.

"ಏನ್ರೀ ಇದು? ಈಗಷ್ಟೇ ಬೇರೆ ಯಾರ್ದೋ ಇತ್ತಲ್ಲ ಈ ಗೂಟ."

"ಕಥೆಗೆ ಸ್ವಲ್ಪ ತೂಕ ಬರ್ಲಿ ಅಂತ…"

"ತೂಕ ಬೇಕಾಗಿರೋದು ನಿಮಗೆ, ಹೊರೋಳು ನಾನು."

ಕಥೆಗಾರ ಸಹಾಯಕ್ಕೆಂದು ಸರಿ-ತಪ್ಪು ಹೇಳಿಕೊಡುವ ಮೂವರು ಮೇಷ್ಟ್ರನ್ನು ಕರೆತಂದ. ಲೆಕ್ಕದ ಮೇಷ್ಟ್ರು ವಾಚು ನೋಡುತ್ತ, "ಒಂದಕ್ಕಿಂತ ಐದು ದೊಡ್ಡದು. ಮುಚ್ಚಮ್ಮ, ಹೊತ್ತಾಗ್ತಿದೆ" ಎಂದರು. ನಿಯಮದ ಮೇಷ್ಟ್ರು ಅಡ್ಡ ಬಂದರು. "ಬಾಗಿಲ ಸಂದಿಗೆ ತುರುಕೋ ಹಳೇ ಬಟ್ಟೆ ಥರ ಮನುಷ್ಯನನ್ನ ಬಳಸೋ ಹಾಗಿಲ್ಲ. ಮುಚ್ಚಬೇಡ."

"ಆಗ ಇವರೆಲ್ಲ ಸತ್ತರೆ?"

"ಸಾಯಿಸಿದ್ದು ಗ್ಯಾಸು, ನೀನಲ್ಲ."

ಮೂರನೆಯವರು ಸ್ವಭಾವದ ಮೇಷ್ಟ್ರು. ಕನ್ನಡಕ ಒರೆಸಿಕೊಂಡು, "ಒಳ್ಳೆ ಮನುಷ್ಯರು ಇಂಥ ಹೊತ್ತಲ್ಲಿ ಏನು ಮಾಡ್ತಾರೋ ಅದನ್ನೇ ಮಾಡು ತಾಯಿ" ಎಂದರು.

"ನಾನು ಕೇಳ್ತಿರೋದೂ ಅದನ್ನೇ ಸಾರ್. ನಿಮ್ಮ ಮೂವರಲ್ಲಿ ಯಾರಿಗಾದ್ರೂ ತಮ್ಮ ಇದಾನಾ?"

ನಿಯಮದವರಿಗೆ ಒಬ್ಬನಿದ್ದ, ಮಾತು ಬಿಟ್ಟು ವರ್ಷಗಳಾಗಿದ್ದವು.

ಅಕ್ಕ ಮೂಗಿಗೆ ಬಟ್ಟೆ ಒತ್ತಿಕೊಂಡು ಒಳಗೆ ಕಾಲಿಟ್ಟು, "ಪುಟ್ಟಾ, ಪುಟ್ಟಾ" ಎಂದು ಕೂಗಿದಳು. ಉತ್ತರವಿಲ್ಲ. ಕಣ್ಣು ಉರಿದು ಏನೂ ಕಾಣಲಿಲ್ಲ. ಹಿಂದೆ ಹಾಲಿನಲ್ಲಿ ಯಾರೋ ಕುಸಿದು ಬಿದ್ದ ಸದ್ದಾಯಿತು. ಅವಳು ಹಿಂದಕ್ಕೆ ಬಂದಳು, ಬಾಗಿಲು ಎಳೆದಳು, ಚಿಲಕ ಹಾಕಿದಳು. ಯಾವ ಮೇಷ್ಟ್ರ ಮಾತು ಕೇಳಿದಳೆಂದು ಕೇಳಬೇಡಿ, ಅವಳಿಗೂ ಗೊತ್ತಿಲ್ಲ.

4

(ಮೂರರಲ್ಲಿ ತಮ್ಮನ ಸಾವಿತ್ತು. ಕಥೆಗಾರ ಹರಿದುಹಾಕಿದ. ಬಹಳ ಚೆನ್ನಾಗಿ ಬಂದಿತ್ತು, ನೆನೆದರೆ ಹೊಟ್ಟೆ ಉರಿಯುತ್ತದೆ.)

ಶಟರು ಮೊಣಕಾಲಷ್ಟು ಎದ್ದಿತು. ಬಿದ್ದವರನ್ನು ಎಳೆದುಕೊಂಡು ಉಳಿದವರು ತೆವಳಿದರು, ಐವರೂ ಹೊರಬಂದರು. ಕೊನೆಗೆ ಬಂದ ಅಕ್ಕ ನೆಲದಲ್ಲಿ ಕುಕ್ಕರಿಸಿದಳು. ಆಗ ಕಟ್ಟಡದ ಹಿಂದಿನಿಂದ ಕಣ್ಣುಜ್ಜಿಕೊಳ್ಳುತ್ತ ಬಂದವನು ತಮ್ಮ, ಮೈಮೇಲೆ ಅದೇ ದಪ್ಪ ಕೋಟು.

"ಏನಕ್ಕಾ ಗಲಾಟೆ? ಕರೆಂಟು ಹೋಗೋ ಮುಂಚೆನೇ, ನೀವೆಲ್ಲ ಊಟಕ್ಕೆ ಕೂತಿದ್ದಾಗ, ಆಚೆ ಬಂದೆ. ಮೈಯೆಲ್ಲ ಸೆಟೆದು ಹೋಗಿತ್ತು, ಬಿಸಿಲಲ್ಲಿ ಹಾಗೇ ಕಣ್ಣು ಹತ್ತಿಬಿಡ್ತು."

ಇದು ಕಥೆಗಾರನ ಔದಾರ್ಯವಲ್ಲ. ಆ ಚಳಿಯಿಂದ ಬಂದವರಿಗೆ ಮೈ ಬಿಸಿಯಾಗುವವರೆಗೆ ಕೋಟು ಬಿಚ್ಚಲು ಮನಸ್ಸೇ ಬರುವುದಿಲ್ಲ. ಅಲ್ಲಿ ಎಲ್ಲರೂ ಮಾಡುವ ತಪ್ಪು, ಅಕ್ಕ ದಿನವೂ ಬೈಯುವ ತಪ್ಪು. ಅವಳು ಎದ್ದು ಅವನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ತಬ್ಬಿಕೊಂಡು ಬಿಸಿಲಿಗೆ ಕಾದ ಆ ಕೋಟಿನಲ್ಲಿ ಮುಖ ಹುದುಗಿಸಿ ಗಟ್ಟಿಯಾಗಿ ಅತ್ತಳು, ಅಳುತ್ತಲೇ ನಕ್ಕಳು. ಹೋದ ಜೀವ ಬಂದಂತಾಯಿತು, ಅವಳಿಗೆ ಮಾತ್ರವಲ್ಲ, ಕಥೆಗಾರನಿಗೂ.

ಲೆಕ್ಕದ ಮೇಷ್ಟ್ರು ಶಹಬ್ಬಾಸ್ ಎಂದರು. ನಿಯಮದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅದು ಸರಿ. ಆದ್ರೆ ಅವನು ಒಳಗಿದಾನೆ ಅಂದ್ಕೊಂಡೇ ತಾನೆ ಮುಚ್ಚಿದ್ದು?"

ಅಕ್ಕನ ನಗು ನಿಂತಿತು. ತಮ್ಮ ಅದನ್ನು ಕೇಳಿಸಿಕೊಂಡಿರಲಿಲ್ಲ.

5

ಅಂತ್ಯ ಒಂದು: ಅವಳು ಅದನ್ನು ತಮ್ಮನಿಗೆ ಹೇಳುವುದೇ ಇಲ್ಲ. ಅಂದಿನಿಂದ ಬೈಯುವುದನ್ನೂ ಬಿಡುತ್ತಾಳೆ. ಅಕ್ಕನಿಗೆ ಏನಾಗಿದೆಯೋ ಎಂದು ತಮ್ಮ ಆಯುಷ್ಯವಿಡೀ ತಲೆ ಕೆರೆದುಕೊಳ್ಳುತ್ತಾನೆ.

"ಬೈಯದೆ ಇರೋಕೆ ನನ್ನ ಕೈಲಾಗಲ್ಲ" ಎಂದಳು ಅಕ್ಕ.

ಅಂತ್ಯ ಎರಡು: ಅವಳು ಹೇಳುತ್ತಾಳೆ. ತಮ್ಮ ಅವಳ ಕೈ ಹಿಡಿದು, "ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ" ಎನ್ನುತ್ತಾನೆ.

"ನನ್ನ ತಮ್ಮ ಹೀಗೆ ಮಾತಾಡಲ್ಲ. ಸಿನಿಮಾದವನಲ್ಲ ಅವನು."

ಅಂತ್ಯ ಮೂರನ್ನು ಅವಳು ಬರೆಯಲು ಬಿಡಲಿಲ್ಲ. ಸಂಜೆ ಇಬ್ಬರೂ ಬಸ್‌ಸ್ಟಾಪಿನ ಕಡೆ ನಡೆಯುತ್ತಿದ್ದರು, ಹಿಂದೆ ಕಥೆಗಾರ, ಅವನ ಹಿಂದೆ ಮೇಷ್ಟ್ರುಗಳು. "ಪುಟ್ಟಾ, ನಿನ್ನ ಹತ್ರ ಒಂದು ಮಾತು ಹೇಳ್ಬೇಕು" ಎಂದವಳು ಥಟ್ಟನೆ ಹಿಂತಿರುಗಿದಳು.

"ನೀವಿನ್ನು ಹೊರಡಿ. ಇದು ನಮ್ಮನೆ ವಿಷಯ."

ಕಥೆಗಾರ ಪೆನ್ನು ಜೇಬಿಗೆ ಹಾಕಿದ. ನಾಲ್ಕು ಹೆಜ್ಜೆ ಹೋಗಿ ನಿಂತವನಿಗೆ ಹಿಂದಿನಿಂದ ಅಕ್ಕನ ತಗ್ಗಿದ ದನಿ ಬಹಳ ಹೊತ್ತು ಕೇಳಿತು. ಆಮೇಲೆ ತಮ್ಮ ಕೂಗಾಡತೊಡಗಿದ. ಏನೆಂದು ತಿಳಿಯಲಿಲ್ಲ. ಅಕ್ಕನೂ ಬಿಡಲಿಲ್ಲ, ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು. ಅವರ ಬಸ್ಸು ಬಂದು, ಅವರನ್ನು ಹತ್ತಿಸಿಕೊಳ್ಳದೆ ಹೋಯಿತು. ನಿಯಮದ ಮೇಷ್ಟ್ರು ಏನಾಯಿತೋ ನೋಡೋಣವೆಂದು ತಿರುಗಿದರು. ಕಥೆಗಾರ ಅವರ ತೋಳು ಹಿಡಿದು ಎಳೆದುಕೊಂಡು ಹೊರಟ. ಬದುಕಿರುವವರ ಆ ಜಗಳ ಬೀದಿಯ ತಿರುವಿನವರೆಗೂ ಕೇಳಿಸುತ್ತಿತ್ತು.