ಜೇಬಿನೊಳಗಿನ ಹುಂಜ

ಆ ಶನಿವಾರ ಬೆಳಿಗ್ಗೆ ಸ್ವೀಡನ್ನಿನ ಶೋವ್ಡೆ ಊರಿನ ಆಕಾಶಕ್ಕೆ ಒಂದು ಮನಸ್ಸೆಂಬುದಿರಲಿಲ್ಲ. ಏಳಕ್ಕೆ ಬಿಸಿಲು, ಎಂಟಕ್ಕೆ ಸಾಬೂದಾನಿಯಂಥ ಆಲಿಕಲ್ಲು, ಎಂಟೂವರೆಗೆ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಬಿಸಿಲು. ಇಲ್ಲಿಯ ಏಪ್ರಿಲ್ ಹಾಗೇ, ಬಲಗೈಯಲ್ಲಿ ಕೊಟ್ಟದ್ದನ್ನು ಎಡಗೈಯಲ್ಲಿ ಕಸಿದುಕೊಳ್ಳುವ ತಿಂಗಳು. ಅಡುಗೆಮನೆಯ ಕಿಟಕಿಯ ಮುಂದೆ ನಿಂತಿದ್ದ ದಾವೂದನ ಕೈಯಲ್ಲಿ ಚಹಾ ಆರಿ ತಣ್ಣಗಾಗಿತ್ತು.

"ಎಷ್ಟು ಜನಕ್ಕೆ ಸಮೋಸ ಕಟ್ಟಲಿ?" ಎಂದು ಹೆಂಡತಿ ನಫೀಸಾ ಕೇಳಿದಳು.

"ಏಳು ಮಕ್ಕಳು."

"ಸೋಮವಾರದ ಪಟ್ಟಿಯಲ್ಲೂ ಏಳೇ ತಾನೇ?"

ದಾವೂದ್ ಗೂಟಕ್ಕೆ ನೇತುಹಾಕಿದ್ದ ಜಾಕೆಟ್ಟಿನ ಕಡೆ ಒಮ್ಮೆ ನೋಡಿ, ತಣ್ಣಗಾದ ಚಹಾವನ್ನೇ ಕುಡಿದ.

ದಾವೂದ್ ಸವಣೂರಿನವನು, ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರು. ಹರ್ಲಿಂಗ್ ಎಂಬ ಆಟದ ಹೆಸರನ್ನೂ ಮೊದಲು ಕೇಳಿದವನಲ್ಲ. ಅವನ ಪಕ್ಕದ ಮೇಜಿನ ಐರಿಷ್ ಗೆಳೆಯ ಫಿಂಟನ್ ನಾಲ್ಕು ವರ್ಷದ ಹಿಂದೆ ಈ ಊರಿನ ಮಕ್ಕಳನ್ನು ಕೂಡಿಸಿ ಆಟ ಶುರುಮಾಡಿದ್ದ. ಎರಡು ವರ್ಷದ ಹಿಂದೆ ತನ್ನ ದೇಶಕ್ಕೆ ಮರಳುವಾಗ, ಬುಡ ಚಪ್ಪಟೆಯಾದ ಹನ್ನೆರಡು ಮರದ ಕೋಲು, ಒಂದು ಚೀಲ ತೊಗಲಿನ ಚೆಂಡು, ಹನ್ನೆರಡು ಹೆಲ್ಮೆಟ್ಟು ಇವನ ನೆಲಮಾಳಿಗೆಯಲ್ಲಿಟ್ಟು, "ಮಕ್ಕಳನ್ನು ನೋಡಿಕೋ" ಎಂದು ಹೋಗಿದ್ದ. ನಂಬಿ ಇಟ್ಟುಹೋದದ್ದು ಅಮಾನತ್. ಅದನ್ನು ಕಾಯಬೇಕಾದದ್ದು ಧರ್ಮ. ದಾವೂದ್ ಕಾಯತೊಡಗಿದ.

ಕಾಯುವುದು ಸುಲಭವಿರಲಿಲ್ಲ. ವಯಸ್ಸು ಹನ್ನೆರಡು ದಾಟಿದೊಡನೆ ಮಕ್ಕಳು ಫುಟ್‌ಬಾಲಿಗೆ ಹಾರುತ್ತಿದ್ದರು. ಹಲ್ಲು ಉದುರೀತೆಂದು ತಾಯಂದಿರು ಹೆದರುತ್ತಿದ್ದರು. ಚಿಕ್ಕ ಮಕ್ಕಳ ಆಟದಲ್ಲಿ ಅಂಕ ಬರೆದಿಡಬಾರದೆಂಬುದು ಇಲ್ಲಿಯ ಪದ್ಧತಿ. ಹಾಗಾಗಿ ಗೆದ್ದವರಾರೆಂದು ಕೇಳಿ ಕೇಳಿ, ಉತ್ತರ ಸಿಗದೆ ಇಬ್ಬರು ಹುಡುಗರು ಆಟವನ್ನೇ ಬಿಟ್ಟಿದ್ದರು. ಉಳಿದವರನ್ನು ಹಿಡಿದಿಟ್ಟಿದ್ದು ಅರ್ಧ ಆಟ, ಅರ್ಧ ನಫೀಸಾಳ ಸಮೋಸ. ಈ ಸೋಮವಾರದೊಳಗೆ ಏಳು ಮಕ್ಕಳ ಹೆಸರು ಕೊಟ್ಟರೆ ಕಮ್ಯೂನಿನವರು, ಅಂದರೆ ಊರಿನ ಆಡಳಿತದವರು, ಮೈದಾನದ ಶನಿವಾರದ ಹೊತ್ತನ್ನು ಮುಂದಿನ ವರ್ಷಕ್ಕೂ ಬಿಟ್ಟುಕೊಡುತ್ತಾರೆ. ಆರೇ ಆದರೆ ಅದು ಫ್ರಿಸ್‌ಬೀ ಎಸೆಯುವವರ ಪಾಲು.

ಏಳನೆಯ ಹೆಸರು ಮೀರಾಳದ್ದು. ಹನ್ನೊಂದು ವರ್ಷದ ಆ ಹುಡುಗಿ ಕೋಲಿನ ತುದಿಯಲ್ಲಿ ಚೆಂಡನ್ನು ಕೂರಿಸಿಕೊಂಡು ಓಡಿದರೆ, ತುಂಬಿದ ಕೊಡ ಹೊತ್ತು ತುಳುಕಿಸದೆ ನಡೆಯುವವರನ್ನು ಕಂಡಂತಾಗುತ್ತಿತ್ತು. ರಂಜಾನಿನ ಕೊನೆಯ ವಾರ ಗೋಥೆನ್‌ಬರ್ಗಿನಲ್ಲಿ ನಡೆದ ಒಳಾಂಗಣ ಆಟದಲ್ಲಿ ಅವಳನ್ನು ನೋಡಿದ ಅಲ್ಲಿಯ ತರಬೇತುದಾರ್ತಿ ದಾವೂದನ ಕೈಗೆ ಸ್ವೀಡಿಷ್‌ನಲ್ಲಿ ಬರೆದ ಒಂದು ಕಾಗದ ಕೊಟ್ಟಿದ್ದಳು. ಮೇಲೆ 'ಮೀರಾಳ ತಂದೆತಾಯಿಗೆ' ಎಂದಿತ್ತು. ರೈಲು ನಿಲ್ದಾಣದಲ್ಲಿ, ಉಪವಾಸದ ಹಗುರ ತಲೆಯಲ್ಲಿ, ಕನ್ನಡಕವಿಲ್ಲದ ಕಣ್ಣಲ್ಲಿ ಅವನು ಅದನ್ನು ಬಿಚ್ಚಿದ. ಎರಡನೆಯ ಸಾಲಿನಲ್ಲಿ 'ಲೇನ್' ಎಂಬ ಪದ ಕಂಡಿತು. ಲೇನ್ ಎಂದರೆ ಇಲ್ಲಿ ಜಿಲ್ಲೆ. ಮೀರಾಳನ್ನು ಜಿಲ್ಲಾ ತಂಡಕ್ಕೆ ಕೊಂಡೊಯ್ಯುತ್ತಾರೆ! ಮೂರನೆಯ ಸಾಲು ಓದುವ ಧೈರ್ಯ ಬರಲಿಲ್ಲ. ಮಡಚಿ ಜೇಬಿಗಿಟ್ಟ. ನಾಳೆ ಕೊಟ್ಟರಾಯಿತು ಎಂದುಕೊಂಡ. ಆ ನಾಳೆಗೆ ಈಗ ಮೂರು ವಾರ.

ಸವಣೂರಿನಲ್ಲಿ ದಾದಿ, ಅಂದರೆ ಅಪ್ಪನ ತಾಯಿ, ಒಂದು ಕಥೆ ಹೇಳುತ್ತಿದ್ದಳು. ಯಾತ್ರೆಗೆ ಹೊರಟವನೊಬ್ಬ ನೆರೆಯವನ ಬಳಿ ತನ್ನ ಹುಂಜ ಬಿಟ್ಟುಹೋದನಂತೆ. ನೆರೆಯವನು ಆಸೆ ತಡೆಯಲಾಗದೆ ಸಾರು ಮಾಡಿ ಉಂಡನಂತೆ. ಮರುದಿನ ಬೆಳಗಿನ ಬಾಂಗಿನ ಹೊತ್ತಿಗೆ ಅವನ ಹೊಟ್ಟೆಯೊಳಗಿಂದ ಕೊಕ್ಕೊಕ್ಕೋ! ಮಸೀದಿಯಲ್ಲಿ ಸಾಲಾಗಿ ನಿಂತವರೆಲ್ಲ ತಿರುಗಿ ನೋಡಿದರಂತೆ. ಹಕೀಮರ ಔಷಧಿಗೂ ಹುಂಜ ಸುಮ್ಮನಾಗಲಿಲ್ಲ. "ಕೊಡಬೇಕಾದದ್ದನ್ನು ಕೊಡೋ ತನಕ ಅದು ಕೂಗ್ತಾನೇ ಇರುತ್ತೆ ಬೇಟಾ" ಎಂದು ಹೇಳಿ ದಾದಿ ಮೊಮ್ಮಗನ ಹೊಟ್ಟೆಗೆ ಕಿವಿಯಿಟ್ಟು ಆಲಿಸುತ್ತಿದ್ದಳು. ಅಂದು ನಕ್ಕಿದ್ದ ದಾವೂದನಿಗೆ ಈ ಮೂರು ವಾರ ಪ್ರತಿ ಬೆಳಗಿನ ನಮಾಜಿನಲ್ಲೂ ಜಾಕೆಟ್ಟಿನ ಜೇಬಿನಿಂದ ಆ ಕೂಗು ಕೇಳಿಸಿತ್ತು. ಇವತ್ತಂತೂ ಸಜ್ದಾದಲ್ಲಿ ಹಣೆ ನೆಲಕ್ಕೆ ತಾಗಿದಾಗಲೇ ಕೂಗಿತು. ಅವನು ಎದ್ದು ಕೂತು, ಇವತ್ತು ಕೊಟ್ಟೇಬಿಡುತ್ತೇನೆ ಎಂದು ತೀರ್ಮಾನಿಸಿದ.

ಮೈದಾನದಲ್ಲಿ ಹುಲ್ಲು ಇನ್ನೂ ಹಳದಿ. ಮೀರಾಳ ಅಪ್ಪ ಯೋಗೀಶ ಬೆಂಗಳೂರಿನವನು, ಸಾಫ್ಟ್‌ವೇರಿನವನು, ಮಾತಿನ ಮಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ ನಿಂತಿದ್ದ.

"ದಾವೂದ್ ಭಾಯ್, ಎರಡು ವರ್ಷದಿಂದ ಕೇಳ್ಬೇಕು ಅಂತಿದೀನಿ. ಇದು ಹಾಕಿನಾ, ಕ್ರಿಕೆಟ್ಟಾ, ಇಲ್ಲ ಹೊಡೆದಾಟನಾ?"

"ಮೂರೂ ಹೌದು. ಹೊಡೆದಾಟಕ್ಕೆ ಮಾತ್ರ ಹೆಲ್ಮೆಟ್ ಇದೆ."

"ನಮ್ ಚಿನ್ನಿದಾಂಡಿಗೆ ಅದೂ ಇರ್ಲಿಲ್ಲ ಬಿಡಿ."

ಅತ್ತ ಮಕ್ಕಳಲ್ಲಿ ಪ್ರತಿ ಶನಿವಾರದ ಜಗಳ ಎದ್ದಿತ್ತು. ಗೋಲಿನಲ್ಲಿ ನಿಲ್ಲುವುದು ಯಾರು? ಸರದಿಯ ಪ್ರಕಾರ ಮೀರಾ. ಆದರೆ ಮೀರಾಳ ಸರದಿ ಬಂದ ದಿನ ಅವಳ ಶೂ ಲೇಸು ಬಿಚ್ಚಿಕೊಳ್ಳುತ್ತದೆ, ಹೊಟ್ಟೆ ನೋಯುತ್ತದೆ, ನೀರಿನ ಬಾಟಲಿ ಎಲ್ಲೋ ಕಳೆದುಹೋಗುತ್ತದೆ. ಅವಳ ಬದಲಿಗೆ ನಿಲ್ಲುವವಳು ಯಾವಾಗಲೂ ದಾವೂದನ ಮಗಳು ಅಂಬರೀನ್. ಗೋಲು ಕಾಯುವವರ ಅಗಲ ಬುಡದ ಕೋಲು ಅವಳ ಕೈಗೆ ಅಂಟಿಯೇ ಹೋಗಿತ್ತು.

"ಇವತ್ತೂ ಲೇಸಾ?" ಎಂದಳು ಅಂಬರೀನ್.

"ಮುಂದಿನ ವಾರ ಪಕ್ಕಾ."

"ನಿನ್ನ ಮುಂದಿನ ವಾರಕ್ಕೆ ಗಡ್ಡ ಬಂದಿದೆ."

ಮಗಳ ಆ ಮಾತು ದಾವೂದನಿಗೇ ಚುಚ್ಚಿತು. ಅವನು ಜೇಬಿಗೆ ಕೈಹಾಕಿ, ಅಂಚು ಸವೆದ ಕಾಗದವನ್ನು ಯೋಗೀಶನ ಮುಂದೆ ಹಿಡಿದ.

"ಇದು ನಿಮ್ಮದು. ಮೀರಾನ ಜಿಲ್ಲಾ ತಂಡಕ್ಕೆ ಕೇಳಿದಾರೆ. ಮೂರು ವಾರ ಆಯ್ತು ನನಗೆ ಕೊಟ್ಟು."

"ಮೂರು ವಾರ ನಿಮ್ ಹತ್ರಾನೇ ಇತ್ತಾ? ಮರೆತಿದ್ರಾ?"

ಮರೆತಿದ್ದೆ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಯೋಗೀಶನೇ ಬಾಗಿಲು ತೆರೆದು ಕೊಟ್ಟಿದ್ದ.

"ಇಲ್ಲ. ಬಚ್ಚಿಟ್ಟಿದ್ದೆ. ಅವಳು ಹೋದ್ರೆ ನಾವು ಆರೇ ಜನ. ತಂಡ ಮುಚ್ಚಬೇಕು. ತಪ್ಪು ನನ್ನದು, ಮಾಫ್ ಮಾಡಿ."

ಯೋಗೀಶ ಫ್ಲಾಸ್ಕಿನ ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿದ. ಆ ಹೊತ್ತಿಗೆ ಸರಿಯಾಗಿ ನಾಲ್ಕು ಆಲಿಕಲ್ಲು ಬಿದ್ದು ನಿಂತವು.

"ನನ್ನ ಆಟಾನ ಯಾರಾದ್ರೂ ಗಮನಿಸಿದ್ರಾ ಅಂತ ಮೀರಾ ಮನೇಲಿ ದಿನಾ ಕೇಳ್ತಿದ್ಲು" ಎಂದ. ದನಿಯಲ್ಲಿ ತಮಾಷೆ ಇರಲಿಲ್ಲ. ಆಮೇಲೆ ಉಸಿರು ಬಿಟ್ಟು, "ಹೋಗ್ಲಿ ಬಿಡಿ ಭಾಯ್. ನಾನಾಗಿದ್ರೆ ಹರಿದು ಹಾಕಿ, ನಾಯಿ ತಿಂತು ಅಂತಿದ್ದೆ. ನಮ್ಮನೇಲಿ ನಾಯೀನೂ ಇಲ್ಲ. ಮೀರಾ, ಬಾ ಇಲ್ಲಿ, ನನ್ ಸ್ವೀಡಿಷ್ ಭಾಷೆ ಕಾಫಿ-ಬನ್ ಕೇಳೋದ್ರಲ್ಲೇ ಮುಗಿಯುತ್ತೆ, ನೀನೇ ಓದು" ಎಂದು ಕೂಗಿದ.

ಮೀರಾ ಬಂದಳು, ಅಂಬರೀನ್ ಕೂಡ ಅವಳ ಹೆಗಲ ಮೇಲಿಂದ ಇಣುಕಿದಳು. ಇಬ್ಬರ ತುಟಿಗಳೂ ಒಟ್ಟಿಗೆ ಆಡಿದವು. ಅಂಬರೀನ್ ತಲೆಯೆತ್ತಿ ಅಪ್ಪನನ್ನು ನೋಡಿದಳು.

"ಅಬ್ಬಾಜಾನ್, ಕನ್ನಡಕ ಹಾಕ್ಕೊಂಡು ಓದಿದ್ರಾ?"

"ಯಾಕೆ?"

"ಇದು ಲೇನ್ ಅಲ್ಲ. ಲೋನ್. ನೋಡಿ, 'ಎ' ಅಕ್ಷರದ ತಲೆ ಮೇಲೆ ಎರಡು ಚುಕ್ಕೆ ಇದ್ರೆ ಜಿಲ್ಲೆ. ಇಲ್ಲಿರೋದು ಸೊನ್ನೆ."

"ಸೊನ್ನೆ ಇದ್ರೆ?"

"ಲೋನ್ ಅಂದ್ರೆ ಲೋನೇ ಅಂಕಲ್, ಸಾಲ" ಎಂದಳು ಮೀರಾ. "ಗೋಥೆನ್‌ಬರ್ಗಿನವರು ನನ್ನನ್ನ ಸಾಲ ಕೇಳಿದಾರೆ. ಮೂರು ಭಾನುವಾರ ಮಾತ್ರ. ಶೋವ್ಡೆ ತಂಡದಲ್ಲೇ ಇರ್ಬೇಕಂತೆ, ಆಡಿಸಿ ವಾಪಸ್ ಕೊಡ್ತಾರಂತೆ. ಉತ್ತರ ಬರೆಯೋಕೆ ಬುಧವಾರದ ತನಕ ಟೈಮಿದೆ."

ದಾವೂದ್ ಕನ್ನಡಕ ಹುಡುಕಿ ಏರಿಸಿಕೊಂಡ. ಹೌದು, ಪುಟ್ಟ ಸೊನ್ನೆ. ಗಸಗಸೆ ಕಾಳಿನಷ್ಟು. ಅಷ್ಟು ಚಿಕ್ಕದರ ಕೆಳಗೆ ಅವನ ಮೂರು ವಾರದ ನಿದ್ದೆ ಸಿಕ್ಕಿಕೊಂಡಿತ್ತು.

"ಇಪ್ಪತ್ತು ವರ್ಷ ಲೋನ್ ಕಟ್ಟಿದೀನಿ" ಎಂದು ಯೋಗೀಶ ಹೊಟ್ಟೆ ಹಿಡಿದು ನಕ್ಕ, "ನಮ್ಮನ್ನೂ ಯಾರೋ ಲೋನ್ ಕೇಳಿದ್ದು ಇದೇ ಮೊದಲು."

ದಾವೂದನಿಗೂ ನಗು ಬಂತು. ಭಯವಿಲ್ಲದೆ ಮೂರನೆಯ ಸಾಲು ಓದಿದ್ದರೆ ಕಳ್ಳನಾಗುವ ಕಷ್ಟವೇ ಇರುತ್ತಿರಲಿಲ್ಲ. ಆದರೆ ಕೊಡಲೆಂದು ಕೈ ಚಾಚಿದ್ದು ಸೊನ್ನೆ ಕಾಣುವ ಮೊದಲು, ಅಷ್ಟಾದರೂ ಆಯಿತಲ್ಲ ಎಂದು ಮನಸ್ಸಿನಲ್ಲೇ ಅಲ್‌ಹಮ್ದುಲಿಲ್ಲಾ ಅಂದ. ಜೇಬು ಮುಟ್ಟಿ ನೋಡಿಕೊಂಡ. ಹುಂಜ ಸುಮ್ಮನಿತ್ತು. ಸೋಮವಾರದ ಪಟ್ಟಿಗೆ ಏಳು ಹೆಸರು.

"ಸರಿ, ಆಟ" ಎಂದು ಚಪ್ಪಾಳೆ ತಟ್ಟಿದ.

ಮಕ್ಕಳು ಮೈದಾನಕ್ಕೆ ಚದುರಿದರು. ಅಂಬರೀನ್ ಅಭ್ಯಾಸಬಲದಿಂದ ಅಗಲ ಬುಡದ ಕೋಲು ಹಿಡಿದು ಗೋಲಿನತ್ತ ನಡೆದಳು. ಮೀರಾ ಕಾಗದವನ್ನು ಅಪ್ಪನ ಕೈಗಿಟ್ಟು, ಬಗ್ಗಿ ಶೂ ಲೇಸುಗಳನ್ನು ಎರಡು ಗಂಟು ಹಾಕಿ ಬಿಗಿದಳು. ಆಮೇಲೆ ಗೋಲಿನ ತನಕ ಓಡಿಹೋಗಿ, ಅಂಬರೀನಳ ಕೈಯಿಂದ ಆ ಕೋಲನ್ನು ಬಿಡಿಸಿಕೊಂಡು, ತನ್ನ ಕೋಲನ್ನು ಅವಳ ಕೈಗೆ ಕೊಟ್ಟಳು.